ಮಗ್ ಮುದ್ರಣಕ್ಕೆ ಸಬ್ಲಿಮೇಷನ್ ಪ್ರಿಂಟರ್, ಹೀಟ್ ಪ್ರೆಸ್: ಮೂರು ಮಳೆಗಾಲದ ಬಳಕೆಯ ನಂತರ

ಶಿರಸಿಯಲ್ಲಿ ನಮ್ಮದು ಚಿಕ್ಕ ಫೋಟೊ ಸ್ಟುಡಿಯೊ, ಜೊತೆಗೆ ಡಿಟಿಪಿ ಕೆಲಸ. ಪಾಸ್‌ಪೋರ್ಟ್ ಫೋಟೊ, ಲಗ್ನಪತ್ರಿಕೆ, ಲ್ಯಾಮಿನೇಷನ್‌ಗಳ ಸಾಲಿಗೆ ಮಗ್ ಮೇಲೆ ಚಿತ್ರ ಮುದ್ರಿಸುವುದನ್ನೂ ಸೇರಿಸಿದ ಮೇಲೆ ಇದು ಮೂರನೆಯ ಮಳೆಗಾಲ. ಎಪ್ಸನ್ ಕಂಪನಿಯ ನಾಲ್ಕು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರ್, ಅದರಲ್ಲಿ ತುಂಬಿದ ಸಬ್ಲಿಮೇಷನ್ ಇಂಕ್, ಒಮ್ಮೆಗೆ ಒಂದೇ ಮಗ್ ಹಿಡಿಯುವ ಹೀಟ್ ಪ್ರೆಸ್: ಇಷ್ಟೇ ನಮ್ಮ ಸಲಕರಣೆ. ಎರಡೂ ಯಂತ್ರಗಳು ಕೊಟ್ಟ ಹಣಕ್ಕೆ ತಕ್ಕ ಕೆಲಸ ಮಾಡಿವೆ. ಆದರೆ ಈ ವ್ಯವಹಾರಕ್ಕೆ ಇಳಿಯುವವರು ಹಣ ಸುರಿಯುವ ಜಾಗ ತಪ್ಪಾಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಸಾವಿರಾರು ರೂಪಾಯಿ ಹೆಚ್ಚು ಕೊಟ್ಟು ದೊಡ್ಡ ಪ್ರೆಸ್ ತರುತ್ತಾರೆ, ಆಮೇಲೆ ಮಗ್ ಒಂದಕ್ಕೆ ಹತ್ತು ರೂಪಾಯಿ ಉಳಿಸಲು ಕಳಪೆ ಮಾಲು ತರಿಸುತ್ತಾರೆ. ಚಿತ್ರ ಮಸುಕಾಗಿ ಬಂದಾಗ ಬೈಗುಳ ಬೀಳುವುದು ಯಂತ್ರಕ್ಕೆ.

ಇಲ್ಲಿ ನಡೆಯುವುದೇನು ಎಂದು ತಿಳಿದರೆ ಈ ಮಾತು ಅರ್ಥವಾಗುತ್ತದೆ. ಚಿತ್ರವನ್ನು ಮೊದಲು ಕಾಗದದ ಮೇಲೆ ಮುದ್ರಿಸಿ, ಆ ಕಾಗದವನ್ನು ಮಗ್‌ಗೆ ಸುತ್ತಿ ಪ್ರೆಸ್‌ನಲ್ಲಿ ಬಿಸಿ ಮಾಡುತ್ತೇವೆ. ದೇವರ ಮನೆಯ ಡಬ್ಬಿಯಲ್ಲಿಟ್ಟ ಕರ್ಪೂರ ಹೇಗೆ ಕರಗಿ ನೀರಾಗದೆ ಆವಿಯಾಗಿ ಸವೆಯುತ್ತದೆಯೋ, ಹಾಗೆಯೇ ಕಾಗದದ ಮೇಲಿನ ಬಣ್ಣವೂ 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಘನದಿಂದ ನೇರವಾಗಿ ಅನಿಲವಾಗುತ್ತದೆ. ಸಬ್ಲಿಮೇಷನ್ ಎಂದರೆ ಇದೇ. ಆ ಅನಿಲಕ್ಕೆ ಪಿಂಗಾಣಿಯೊಳಗೆ ಪ್ರವೇಶವಿಲ್ಲ. ಮಗ್‌ನ ಹೊರಮೈಗೆ ಬಳಿದಿರುವ ತೆಳು ಪಾಲಿಮರ್ ಲೇಪನ ಬಿಸಿಗೆ ಸಡಿಲಾದಾಗ ಬಣ್ಣ ಅದರೊಳಗೆ ಇಳಿಯುತ್ತದೆ, ತಣಿದಾಗ ಅಲ್ಲೇ ಸೆರೆಯಾಗುತ್ತದೆ. ಪಾತ್ರೆ ಅಂಗಡಿಯ ಸಾಮಾನ್ಯ ಬಿಳಿ ಮಗ್ ಮೇಲೆ ಎಷ್ಟು ಹೊತ್ತು ಒತ್ತಿದರೂ ಚಿತ್ರ ನಿಲ್ಲದಿರುವುದು ಇದೇ ಕಾರಣಕ್ಕೆ. ಲೇಪನ ತೆಳುವಾದ ಕಡೆ ಚಿತ್ರ ತೆಳು. ಲೇಪನವೇ ಇಲ್ಲದ ಚುಕ್ಕೆಯಲ್ಲಿ ಬಿಳಿ ಕಲೆ. ಲಕ್ಷ ರೂಪಾಯಿಯ ಪ್ರೆಸ್ ತಂದರೂ ಆ ಚುಕ್ಕೆಗೆ ಬಣ್ಣ ಹತ್ತುವುದಿಲ್ಲ.

ಪ್ರಿಂಟರ್ ಆಯ್ಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಪ್ಸನ್ ಇಂಕ್ ಟ್ಯಾಂಕ್ ಪ್ರಿಂಟರ್‌ಗಳ ಹೆಡ್ ಪೀಜೋ ತಂತ್ರದ್ದು. ಅದು ಇಂಕನ್ನು ಬಿಸಿ ಮಾಡದೆ ಒತ್ತಿ ಹೊರಹಾಕುತ್ತದೆ. ಕ್ಯಾನನ್, ಎಚ್‌ಪಿ ಕಂಪನಿಗಳ ಮನೆಬಳಕೆಯ ಇಂಕ್‌ಜೆಟ್‌ಗಳು ಇಂಕನ್ನು ಕ್ಷಣಮಾತ್ರ ಕುದಿಸಿ ಚಿಮ್ಮಿಸುತ್ತವೆ, ಆದ್ದರಿಂದ ಅವು ಈ ಕೆಲಸಕ್ಕೆ ಹೊಂದುವುದಿಲ್ಲ. ಬೇರೆ ಇಂಕ್ ಒಮ್ಮೆಯೂ ತುಂಬದ ಹೊಸ ಪ್ರಿಂಟರ್ ಇದ್ದರೆ ಒಳ್ಳೆಯದು. ಹೊರಗಿನ ಇಂಕ್ ಹಾಕಿದ ಕ್ಷಣವೇ ವಾರಂಟಿಯ ಆಸೆ ಬಿಡಬೇಕು. ವಾರಂಟಿ ಬೇಕೆನ್ನುವವರಿಗೆ ಎಪ್ಸನ್ ತಾನೇ ಸಬ್ಲಿಮೇಷನ್‌ಗೆಂದು ತಯಾರಿಸುವ ಶ್ಯೂರ್‌ಕಲರ್ ಎಫ್ ಸರಣಿ ಇದೆ, ಬೆಲೆ ಬಹಳ ಹೆಚ್ಚು. ಮಗ್ ಒಂದೇ ನಿಮ್ಮ ಕೆಲಸವಾಗಿದ್ದರೆ ಎ3 ಪ್ರಿಂಟರ್ ಬೇಡ. ಸುಮಾರು 20 ಸೆಂ.ಮೀ. ಅಗಲ, 9 ಸೆಂ.ಮೀ. ಎತ್ತರದ ಮೂರು ಚಿತ್ರಗಳು ಒಂದು ಎ4 ಹಾಳೆಯಲ್ಲಿ ಕೂರುತ್ತವೆ. ಆರು ಬಣ್ಣದ ಪ್ರಿಂಟರ್‌ನಲ್ಲಿ ಮುಖದ ತಿಳಿಬಣ್ಣಗಳು ಇನ್ನಷ್ಟು ನಯವಾಗಿ ಬರುತ್ತವೆ ಎಂಬುದು ನಿಜ. ಆದರೆ ಒಂದು ಅಡಿ ದೂರದಿಂದ ನೋಡುವ ಮಗ್‌ನಲ್ಲಿ ಆ ವ್ಯತ್ಯಾಸಕ್ಕಾಗಿ ಹೆಚ್ಚು ಹಣ ಕೊಡುವ ಗಿರಾಕಿ ನನಗಂತೂ ಸಿಕ್ಕಿಲ್ಲ.

ಪ್ರಿಂಟರ್ ಬಯಸುವುದು ಒಂದನ್ನೇ: ಅದನ್ನು ಸುಮ್ಮನೆ ಕೂರಿಸಬಾರದು. ಸಬ್ಲಿಮೇಷನ್ ಇಂಕ್‌ನಲ್ಲಿ ಬಣ್ಣದ ಕಣಗಳು ನೀರಿನಲ್ಲಿ ಪೂರ್ತಿ ಕರಗಿರದೆ ತೇಲುತ್ತಿರುತ್ತವೆ. ವಾರಗಟ್ಟಲೆ ಬಿಟ್ಟರೆ ಅವು ತಳಕ್ಕೆ ಇಳಿಯುತ್ತವೆ, ಹೆಡ್ ಕಟ್ಟಿಕೊಳ್ಳುತ್ತದೆ. ಆರ್ಡರ್ ಇರಲಿ, ಇಲ್ಲದಿರಲಿ, ಎರಡು ದಿನಕ್ಕೊಮ್ಮೆ ನಾಲ್ಕೂ ಬಣ್ಣಗಳಿರುವ ಒಂದು ಸಣ್ಣ ಪಟ್ಟಿಯನ್ನು ಸಾದಾ ಕಾಗದದ ಮೇಲೆ ಮುದ್ರಿಸುತ್ತೇನೆ. ಹೆಡ್ ಕ್ಲೀನಿಂಗ್ ಗುಂಡಿಯನ್ನು ಸಿಕ್ಕಸಿಕ್ಕಾಗ ಒತ್ತುವುದಕ್ಕಿಂತ ಇದು ಎಷ್ಟೋ ಮೇಲು. ಪ್ರತಿ ಕ್ಲೀನಿಂಗ್‌ಗೂ ಒಳ್ಳೆಯ ಇಂಕ್ ವ್ಯರ್ಥವಾಗಿ, ಅದನ್ನು ಹೀರಿಕೊಳ್ಳುವ ವೇಸ್ಟ್ ಪ್ಯಾಡ್‌ಗೆ ಹೋಗುತ್ತದೆ, ಆ ಪ್ಯಾಡ್ ತುಂಬಿತು ಎಂದು ಲೆಕ್ಕ ಬಂದ ದಿನ ಪ್ರಿಂಟರ್ ಕೆಲಸ ನಿಲ್ಲಿಸುತ್ತದೆ. ಸಾಫ್ಟ್‌ವೇರ್‌ನಿಂದ ಲೆಕ್ಕವನ್ನು ಸೊನ್ನೆಗೆ ತಂದರೆ ಮತ್ತೆ ಓಡುತ್ತದೆ, ಆದರೆ ಪ್ಯಾಡ್ ಒದ್ದೆಯಾಗಿಯೇ ಇರುತ್ತದಲ್ಲ. ಅದನ್ನು ಬದಲಿಸಿಬಿಡುವುದೇ ಸರಿ. ಒಂದು ಬ್ರ್ಯಾಂಡಿನ ಇಂಕ್ ಮುಗಿಯುವ ಮೊದಲು ಇನ್ನೊಂದನ್ನು ಬೆರೆಸಲೂ ಬೇಡಿ.

ಇನ್ನು ಪ್ರೆಸ್. ಇದು ಸಿಲಿಕೋನ್ ಹೊದಿಕೆಯೊಳಗೆ ತಂತಿ ಹುದುಗಿಸಿದ ಹೀಟರ್. ಹಿಡಿಕೆ ಒತ್ತಿದಾಗ ಮಗ್ ಸುತ್ತ ಬಿಗಿದುಕೊಳ್ಳುತ್ತದೆ. ಸುಮಾರು 350 ವ್ಯಾಟ್ ಎಳೆಯುವುದರಿಂದ ಮಾಮೂಲಿ ಪ್ಲಗ್ ಸಾಕು, ಆದರೆ ಮೈಯೆಲ್ಲ ಲೋಹವಾದ್ದರಿಂದ ಅರ್ಥಿಂಗ್ ಸರಿಯಿರಲೇಬೇಕು. ನಾನು 180 ಡಿಗ್ರಿ, ಮೂರು ನಿಮಿಷದ ಆಸುಪಾಸಿನಲ್ಲಿ ಕೆಲಸ ಮಾಡುತ್ತೇನೆ. ಡಬ್ಬದ ಮೇಲೆ ಬರೆದ ಅಂಕಿಯನ್ನು ಮಾತ್ರ ಯಾರೂ ವೇದವಾಕ್ಯ ಮಾಡಿಕೊಳ್ಳಬಾರದು. ಪರದೆ ತೋರಿಸುವುದು ಹೀಟರ್‌ನ ಶಾಖ, ಮಗ್‌ನ ಶಾಖವಲ್ಲ. ತಣ್ಣನೆಯ ಮಗ್ ಒಳಗೆ ಕೂತ ತಕ್ಷಣ ಅಂಕಿ ಗಣನೀಯವಾಗಿ ಇಳಿಯುತ್ತದೆ, ನಿಧಾನಕ್ಕೆ ಏರುತ್ತದೆ. ಕೆಲವು ಕಂಟ್ರೋಲರ್‌ಗಳು ಹಿಡಿಕೆ ಮುಚ್ಚಿದಾಗಲೇ ಸಮಯ ಎಣಿಸತೊಡಗುತ್ತವೆ, ಕೆಲವು ನಿಗದಿತ ಶಾಖ ಮುಟ್ಟಿದ ಮೇಲೆ. ಇವೆರಡರ ನಡುವಿನ ಅಂತರದಲ್ಲೇ ಎಷ್ಟೋ ಮಗ್‌ಗಳು ಕೆಡುತ್ತವೆ. ನಿಮ್ಮದು ಯಾವ ಬಗೆಯದು ಎಂದು ಮೊದಲ ದಿನವೇ ಗಡಿಯಾರ ಹಿಡಿದು ನೋಡಿಕೊಳ್ಳಿ. ಶಾಖ ಸಾಲದಿದ್ದರೆ ಚಿತ್ರ ತೊಳೆದಂತೆ ಕಾಣುತ್ತದೆ. ಹೆಚ್ಚಾದರೆ ಕಪ್ಪು ಕಂದಾಗುತ್ತದೆ, ಅಂಚುಗಳು ಹರಡುತ್ತವೆ. ಇವೆರಡು ಲಕ್ಷಣಗಳನ್ನು ಗುರುತಿಸಲು ಬಂದರೆ ಉಳಿದದ್ದು ಅಭ್ಯಾಸದ ಮಾತು.

ಹೀಟರ್ ಸವೆಯುವ ಭಾಗ. ನಿತ್ಯ ಬಳಸಿದಂತೆ ಸಿಲಿಕೋನ್ ಗಡುಸಾಗುತ್ತದೆ, ಒಂದು ಕಡೆ ಕಪ್ಪಾಗುತ್ತದೆ, ಚಿತ್ರದ ಅದೇ ಜಾಗ ಪ್ರತಿ ಸಲವೂ ಮಂಕಾಗಿ ಬರತೊಡಗುತ್ತದೆ. ನನ್ನದನ್ನು ಈಗಾಗಲೇ ಬದಲಿಸಿದ್ದೇನೆ. ಮಾರಿದವರು ವಾರಂಟಿ ಮುಗಿದ ಮೇಲೆ ಫೋನನ್ನೇ ಎತ್ತಲಿಲ್ಲ, ಬಿಡಿಭಾಗವನ್ನು ಬೇರೆಯವರಿಂದ ಕೊರಿಯರ್‌ನಲ್ಲಿ ತರಿಸಿಕೊಳ್ಳಬೇಕಾಯಿತು. ಬಂದ ಹೀಟರ್‌ನ ಪಿನ್ ಹೊಂದಬೇಕಲ್ಲ, ಅದಕ್ಕಾಗಿ ಹಳೆಯದರ ಫೋಟೊ ಕಳಿಸಿಯೇ ಆರ್ಡರ್ ಕೊಡಿ. ಪ್ರೆಸ್ ಕೊಳ್ಳುವಾಗಲೇ ಒಂದು ಹೆಚ್ಚುವರಿ ಹೀಟರ್ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಟೀ ಶರ್ಟ್, ತಟ್ಟೆ, ಟೋಪಿ, ಮಗ್ ಎಲ್ಲಕ್ಕೂ ಒಂದೇ ಎನ್ನುವ ಐದು ಕೆಲಸದ ಪ್ರೆಸ್ ಬಗ್ಗೆ ಹಲವರು ಕೇಳುತ್ತಾರೆ. ಮಗ್ ಭಾಗ ಕಳಚಿ ಟೀ ಶರ್ಟ್ ಭಾಗ ಜೋಡಿಸುವುದರಲ್ಲೇ ಸಮಯ ಹೋಗುತ್ತದೆ, ಅಂಗಡಿಯಲ್ಲಿ ನಿಂತ ಗಿರಾಕಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಬೇರೆ ಬೇರೆಯಾಗಿ ಕೊಳ್ಳುವುದೇ ಮೇಲು.

ಮಲೆನಾಡಿನಲ್ಲಿ, ಕರಾವಳಿಯಲ್ಲಿ ಈ ಕೆಲಸ ಮಾಡುವವರು ಗಮನವಿಟ್ಟು ಓದಬೇಕಾದದ್ದು ಮಳೆಗಾಲದ ಸಂಗತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗೋಡೆಯೇ ಬೆವರುತ್ತದೆ. ಕಾಗದ ಆ ತೇವವನ್ನು ಹೀರಿಕೊಳ್ಳುತ್ತದೆ. ಟೇಪು ಸುತ್ತಿ ಪ್ರೆಸ್‌ಗೆ ಹಾಕಿದಾಗ ಒಳಗಿನ ತೇವ ಹಬೆಯಾಗಿ ಹೊರಬರಲು ದಾರಿ ಹುಡುಕುತ್ತದೆ, ಬಣ್ಣದ ಅನಿಲವನ್ನೂ ಪಕ್ಕಕ್ಕೆ ತಳ್ಳುತ್ತದೆ. ಫಲವಾಗಿ ಅಕ್ಷರಗಳ ಸುತ್ತ ಮಸುಕು, ಬಿಳಿ ಭಾಗದಲ್ಲಿ ಸಣ್ಣ ಚುಕ್ಕೆಗಳು, ಅಲ್ಲಲ್ಲಿ ಮೋಡ ಕವಿದಂಥ ಕಲೆ. ಬೇಸಿಗೆಯಲ್ಲಿ ಚೆನ್ನಾಗಿ ಬರುತ್ತಿದ್ದ ಅದೇ ಕಾಗದ, ಅದೇ ಇಂಕ್, ಅದೇ ಅಂಕಿಗಳು ಆಷಾಢದಲ್ಲಿ ಕೈಕೊಡುವುದು ಹೀಗೆ. ಪರಿಹಾರಕ್ಕೆ ಖರ್ಚಿಲ್ಲ. ಕಾಗದದ ಕಟ್ಟನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಬೇಕಾದಷ್ಟೇ ಹೊರತೆಗೆಯುತ್ತೇನೆ. ಮುದ್ರಿಸಿದ ಹಾಳೆಯನ್ನು ಹೇರ್ ಡ್ರೈಯರ್‌ನಿಂದ ಪೂರ್ತಿ ಒಣಗಿಸುತ್ತೇನೆ. ಮಗ್ ಅನ್ನು ಒಣಬಟ್ಟೆಯಿಂದ ಒರೆಸಿ, ಕಾಗದ ಸುತ್ತುವ ಮೊದಲು ಅರ್ಧ ನಿಮಿಷ ಖಾಲಿಯಾಗಿಯೇ ಪ್ರೆಸ್‌ನಲ್ಲಿ ಬೆಚ್ಚಗಾಗಿಸುತ್ತೇನೆ. ಈ ಕೊನೆಯ ಅಭ್ಯಾಸದಿಂದ ಸಿಕ್ಕಿದ ಲಾಭ ದೊಡ್ಡದು: ತೇವವೂ ಹೋಗುತ್ತದೆ, ಮಗ್ ಒಳಗಿಟ್ಟಾಗ ಶಾಖ ಕುಸಿಯುವುದೂ ಕಡಿಮೆಯಾಗುತ್ತದೆ.

ಮಳೆಯ ಜೊತೆಗೆ ಬರುವ ಇನ್ನೊಂದು ತೊಂದರೆ ಕರೆಂಟ್. ಇನ್ವರ್ಟರ್ ಈ ಪ್ರೆಸ್‌ನ ಭಾರ ಹೊರುತ್ತದೆ, ಆದರೆ ಮೇನ್‌ನಿಂದ ಬ್ಯಾಟರಿಗೆ ಬದಲಾಗುವ ಕ್ಷಣದಲ್ಲಿ ನನ್ನ ಕಂಟ್ರೋಲರ್ ಎಣಿಕೆಯನ್ನು ಮರೆತು ಮೊದಲಿನಿಂದ ಶುರುಮಾಡುತ್ತದೆ. ಹಾಗಾಗಿ ಪಕ್ಕದಲ್ಲಿ ಮೊಬೈಲ್‌ನ ಸ್ಟಾಪ್‌ವಾಚ್ ಓಡುತ್ತಲೇ ಇರುತ್ತದೆ.

ಬಣ್ಣದ ವಿಚಾರಕ್ಕೆ ಬಂದರೆ, ಕಾಗದದ ಮೇಲಿನ ಮಂಕು ಚಿತ್ರ ನೋಡಿ ಯಾರೂ ಗಾಬರಿಯಾಗಬಾರದು. ಶಾಖ ತಾಗಿದ ಮೇಲೆಯೇ ಅದಕ್ಕೆ ಜೀವ ಬರುವುದು. ನನ್ನ ಅತಿ ಕಠಿಣ ಪರೀಕ್ಷೆ ಯಕ್ಷಗಾನದ ಫೋಟೊಗಳು. ರಾತ್ರಿಯ ರಂಗಸ್ಥಳದ ಕತ್ತಲು, ಮುಂಡಾಸಿನ ಕಪ್ಪು, ಎದೆಕಟ್ಟಿನ ಹೊನ್ನಿನ ಬಣ್ಣ, ಕೆಂಪು ಅಂಗಿ ಎಲ್ಲವೂ ಒಂದೇ ಚಿತ್ರದಲ್ಲಿ. ಐಸಿಸಿ ಪ್ರೊಫೈಲ್ (ಇಂಕ್‌ಗೆ ತಕ್ಕಂತೆ ಬಣ್ಣ ಹೊಂದಿಸುವ ಕಡತ) ಇಲ್ಲದೆ ಮುದ್ರಿಸಿದರೆ ಕಪ್ಪು ಹಸಿರು ಬೆರೆತಂತೆ, ಕೆಂಪು ಕಿತ್ತಳೆಯಂತೆ ಬರುತ್ತದೆ. ಇಂಕ್ ಮಾರುವವರು ತಮ್ಮ ಇಂಕ್‌ಗೆ ತಕ್ಕ ಪ್ರೊಫೈಲ್ ಕೊಡಬೇಕು, ಕೊಡದಿದ್ದರೆ ಆ ಇಂಕ್ ಬೇಡ ಎನ್ನುತ್ತೇನೆ. ಫೋಟೊಶಾಪ್‌ನಲ್ಲಿ ಪ್ರೊಫೈಲ್ ಆರಿಸಿದ ಮೇಲೆ ಪ್ರಿಂಟರ್ ಡ್ರೈವರ್‌ನಲ್ಲಿ ಬಣ್ಣದ ತಿದ್ದುಪಡಿಯನ್ನು ಪೂರ್ತಿ ಆಫ್ ಮಾಡಬೇಕು. ಎರಡೂ ಕಡೆ ತಿದ್ದಿದರೆ ಮುಖಗಳು ಕೆಂಪೇರುತ್ತವೆ. ನವೆಂಬರ್ 1ರ ರಾಜ್ಯೋತ್ಸವಕ್ಕೆ ಬರುವ ಹಳದಿ ಕೆಂಪು ಮಗ್‌ಗಳ ಆರ್ಡರ್‌ಗಳಲ್ಲೂ ಇದೇ ಕಾಣುತ್ತದೆ: ಹಳದಿ ಸಲೀಸಾಗಿ ಬರುತ್ತದೆ, ಕೆಂಪನ್ನು ಕೆಂಪಾಗಿಯೇ ಉಳಿಸಿಕೊಳ್ಳುವುದರಲ್ಲಿದೆ ಜಾಣ್ಮೆ. ಈ ವಿಧಾನದಲ್ಲಿ ಬಿಳಿ ಇಂಕ್ ಎಂಬುದಿಲ್ಲ, ಮಗ್‌ನ ಬಿಳಿಯೇ ಚಿತ್ರದ ಬಿಳಿ.

ಕನ್ನಡ ಬರಹಕ್ಕೆ ತನ್ನದೇ ಎಚ್ಚರ ಬೇಕು. ಗಿರಾಕಿಗಳು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಹೆಸರು ಯುನಿಕೋಡ್‌ನಲ್ಲಿರುತ್ತದೆ. ಹಳೆಯ ವಿನ್ಯಾಸ ತಂತ್ರಾಂಶಗಳಲ್ಲಿ ಅದನ್ನು ಅಂಟಿಸಿದರೆ ಒತ್ತಕ್ಷರಗಳು ಬೇರ್ಪಟ್ಟು ‘ಲಕ್ಷ್ಮೀ’, ‘ಕೃಷ್ಣ’ ಮುಂತಾದ ಹೆಸರುಗಳು ಛಿದ್ರವಾಗುತ್ತವೆ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಈ ತೊಂದರೆಯಿಲ್ಲ. ಅಲ್ಲಿ ಹೆಸರು ಬರೆದು, ಅಕ್ಷರಗಳನ್ನು ರೇಖೆಗಳಾಗಿ ಪರಿವರ್ತಿಸಿ, ಆಮೇಲೆ ಚಿತ್ರದೊಂದಿಗೆ ಸೇರಿಸುತ್ತೇನೆ. ಒತ್ತುಗಳು ತೀರಾ ಸಣ್ಣದಾದರೆ ಬಣ್ಣ ಹರಡಿ ಒಳಗಿನ ಸಂದುಗಳು ಮುಚ್ಚಿಹೋಗುತ್ತವೆ, ಆದ್ದರಿಂದ ಶುಭಾಶಯದ ಉದ್ದ ಸಾಲುಗಳನ್ನು ಮೊಟಕು ಮಾಡಲು ಗಿರಾಕಿಗಳನ್ನು ಒಪ್ಪಿಸುತ್ತೇನೆ. ಚಿತ್ರ ತಿರುವುಮುರುವಾಗಿ ಮುದ್ರಣವಾಗಬೇಕಾದ್ದರಿಂದ, ಟೇಪು ಹಚ್ಚುವ ಮುನ್ನ ಹಾಳೆಯನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ ಹೆಸರನ್ನು ಓದುವುದು ನಮ್ಮ ಅಂಗಡಿಯ ನಿಯಮ. ಫೋಟೊಗಳನ್ನು ಡಾಕ್ಯುಮೆಂಟ್ ರೂಪದಲ್ಲೇ ಕಳಿಸಿ ಎಂದು ಹೇಳುವುದೂ ಅಷ್ಟೇ ಮುಖ್ಯ, ಇಲ್ಲದಿದ್ದರೆ ವಾಟ್ಸ್‌ಆ್ಯಪ್ ಅವುಗಳನ್ನು ಕುಗ್ಗಿಸಿಬಿಡುತ್ತದೆ.

ಬಾಳಿಕೆ ಎಷ್ಟು ಎಂದು ತಿಳಿಯಲು ನಮ್ಮ ಮನೆಯಲ್ಲೇ ಮಗ್‌ಗಳನ್ನು ಬಳಕೆಗೆ ಇಟ್ಟಿದ್ದೇನೆ. ಒಳ್ಳೆಯ ಲೇಪನದ್ದು ದಿನವೂ ಸೋಪು, ಮೃದು ಸ್ಪಂಜು ಕಂಡೂ ಮೊದಲಿನಷ್ಟೇ ಚೆನ್ನಾಗಿದೆ. ಅಗ್ಗದ್ದರಲ್ಲಿ ಹಿಡಿಕೆಯ ಹತ್ತಿರ ಲೇಪನವೇ ಏಳತೊಡಗಿತು, ಅದರ ಜೊತೆ ಚಿತ್ರವೂ. ಸ್ಟೀಲ್ ನಾರು ತಾಗಿಸಿದರೆ ಯಾವುದೂ ಉಳಿಯುವುದಿಲ್ಲ. ಬಿಸಿಲು ಬೀಳುವ ಕಿಟಕಿಯಲ್ಲಿ ಪ್ರದರ್ಶನಕ್ಕಿಟ್ಟಿದ್ದು ಕಳೆಗುಂದಿದೆ. ಬಿಸಿನೀರು ಹಾಕಿದಾಗ ಚಿತ್ರ ಮೂಡುವ ಕಪ್ಪು ಮ್ಯಾಜಿಕ್ ಮಗ್‌ಗೆ ಮಕ್ಕಳಿಂದ ಬೇಡಿಕೆ ಬಹಳ, ಆದರೆ ಕೊಡುವಾಗ ಉಜ್ಜಿ ತೊಳೆಯಬೇಡಿ ಎಂದು ತಪ್ಪದೆ ಹೇಳುತ್ತೇನೆ.

ಲಾಭದ ಲೆಕ್ಕ ಚಿಕ್ಕದು. ಒಳ್ಳೆಯ ಬಿಳಿ ಮಗ್‌ಗೆ ಸಾಗಣೆ ಸೇರಿ ನನಗೆ 80ರಿಂದ 90 ರೂಪಾಯಿ ಬೀಳುತ್ತದೆ, ಇಂಕ್, ಕಾಗದ, ಟೇಪು, ಡಬ್ಬಿಗೆ ಇನ್ನೊಂದು 20. ಬಿಡಿಯಾಗಿ 250ಕ್ಕೆ ಕೊಡುತ್ತೇನೆ, ಶಾಲೆ, ಸಂಘದವರು ಹೆಚ್ಚು ಕೊಂಡಾಗ ಕಡಿಮೆ ಮಾಡುತ್ತೇನೆ. ಮೊದಲೇ ಸ್ಟುಡಿಯೊ ಅಥವಾ ಡಿಟಿಪಿ ಅಂಗಡಿ ಇರುವವರಿಗೆ ಇದು ಖಂಡಿತ ಗಿಟ್ಟುತ್ತದೆ. ಇದೊಂದನ್ನೇ ನಂಬಿ ಬಾಡಿಗೆ ಮಳಿಗೆ ಹಿಡಿಯುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ.

ಮಗ್ ಕೊಳ್ಳುವ ಕ್ರಮವನ್ನು ಮಾತ್ರ ವಿವರವಾಗಿ ಹೇಳಲೇಬೇಕು. 36 ಮಗ್‌ಗಳ ಪೆಟ್ಟಿಗೆಗೆ ಹಣ ಕಳಿಸುವ ಮೊದಲು ಅದೇ ಬ್ಯಾಚಿನ ಒಂದೆರಡನ್ನು ಮಾದರಿಗೆಂದು ತರಿಸಿ. ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿದರೆ, ಬೆಳಕಿನ ಗೆರೆ ನೇರವಾಗಿ ಹರಿಯಬೇಕು. ಅದು ನಡುಗಿದ ಕಡೆ ಲೇಪನ ಉಬ್ಬುತಗ್ಗಾಗಿರುತ್ತದೆ. ಹಿಡಿಕೆಯ ಬುಡ, ಬಾಯಂಚು, ತಳದ ತಿರುವು, ಈ ಮೂರು ಕಡೆ ವಿಶೇಷವಾಗಿ ನೋಡಿ. ಮೈ ಸಿಲಿಂಡರ್‌ನಂತೆ ನೇರವಾಗಿದೆಯೇ ಎಂದು ಸ್ಕೇಲ್ ಇಟ್ಟು ಪರೀಕ್ಷಿಸಿ, ಸೊಂಟ ಕಿರಿದಾದ ಮಗ್‌ಗೆ ಹೀಟರ್ ಸಮನಾಗಿ ತಾಗುವುದಿಲ್ಲ. ಆಮೇಲೆ ಗಾಢ ಕಪ್ಪಿನ ಒಂದು ಅಗಲವಾದ ಪಟ್ಟಿಯನ್ನು ಮುದ್ರಿಸಿ ಒತ್ತಿ. ಫೋಟೊದಲ್ಲಿ ಅಡಗುವ ದೋಷಗಳೆಲ್ಲ ಆ ಕಪ್ಪಿನಲ್ಲಿ ಎದ್ದು ಕಾಣುತ್ತವೆ. ಪೂರ್ತಿ ತಣಿದ ಮೇಲೆ ನಾಣ್ಯದ ಅಂಚಿನಿಂದ ಗೀರಿ ನೋಡಿ. ಬಿಳಿ ಗೆರೆ ಮೂಡಿದರೆ ಆ ಮಾಲು ಎಷ್ಟು ಅಗ್ಗವಾದರೂ ವಾಪಸ್ ಕಳಿಸಿ.