ತ್ರೀ ನಾಟ್ ತ್ರೀ, ಮೌಸರ್, ಮೋಸಿನ್: ಮೂರನ್ನೂ ಹೊಡೆದು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಒಂದೊಂದು ಗುಂಡಿಗೂ ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ, ಖಾಲಿಯಾದದ್ದನ್ನು ಹೊರಗೆಳೆಯುವ ಅಗುಳಿ) ಎಳೆಯಬೇಕಾದ ಹಳೇ ಮಿಲಿಟರಿ ರೈಫಲ್‌ಗಳಲ್ಲಿ ಒಂದನ್ನು ಮಾತ್ರ ಇಟ್ಟುಕೋ ಅಂದರೆ ನಾನು ಲೀ-ಎನ್‌ಫೀಲ್ಡ್ ಇಟ್ಟುಕೊಳ್ಳುತ್ತೇನೆ. ನಮ್ಮ ಕಡೆ ಎಲ್ಲರೂ ತ್ರೀ ನಾಟ್ ತ್ರೀ (.303) ಅಂತಾರಲ್ಲ, ಅದೇ. ಜರ್ಮನಿಯ ಮೌಸರ್ ಅದಕ್ಕಿಂತ ಚೆನ್ನಾಗಿ ಮಾಡಿದ ಯಂತ್ರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ರೈಫಲ್ ಹೇಗಿದೆ ಅಂತ ತೀರ್ಮಾನ ಮಾಡೋದು ಬಲಗೈ. ಉಕ್ಕು ಎಷ್ಟು ಗಟ್ಟಿ, ಗುಂಡಿನ ವೇಗ ಎಷ್ಟು ಅಂತ ಲೆಕ್ಕ ಹಾಕುತ್ತಾ ಕೂತರೆ ಅದು ಗೊತ್ತಾಗುವುದಿಲ್ಲ.

ಕಾಲೇಜಿನ ಎನ್‌ಸಿಸಿಯಲ್ಲಿ ಡ್ರಿಲ್‌ಗೆ ಕೊಡುತ್ತಿದ್ದ ಡಿ.ಪಿ. ರೈಫಲ್ ಗೊತ್ತಲ್ಲ? ಹೊಡೆಯೋಕೆ ಆಗದ ಹಾಗೆ ಮಾಡಿಟ್ಟ ತ್ರೀ ನಾಟ್ ತ್ರೀ. ಅದನ್ನು ಹಿಡಿದು ಸಲಾಮಿ ಶಸ್ತ್ರ, ಬಾಜು ಶಸ್ತ್ರ ಮಾಡಿದ್ದೇ ಆಯಿತು. ಗುರಿ ಹೊಡೆಯೋಕೆ ಮಾತ್ರ ಕೈಗೆ ಬಂದಿದ್ದು ಪಾಯಿಂಟ್ ಟೂ ಟೂ (.22), ಸಣ್ಣ ತೋಟಾದ ರೈಫಲ್. ನಿಜವಾದದ್ದನ್ನು ಹೊಡೆಯಬೇಕು ಅನ್ನೋ ಆಸೆ ತೀರಿದ್ದು ಟೆಕ್ಸಸ್‌ಗೆ ಬಂದ ಮೇಲೆ. ಭಾರತದಲ್ಲಿ ಮಿಲಿಟರಿ ಬೋರ್, ಅಂದರೆ ಸೈನ್ಯದ ತೋಟಾ ಹಾಕುವ ಬಂದೂಕು, ಸಾಮಾನ್ಯ ಜನರಿಗೆ ಸಿಗುವುದಿಲ್ಲ. ಲೈಸೆನ್ಸ್ ಇದ್ದವರ ಮನೆಯಲ್ಲಿ .315 ರೈಫಲ್ ಕಾಣೋದು ಅದಕ್ಕೇ. ಅದನ್ನು ತಿರುವಿ ನೋಡಿದರೆ ಒಳಗಿರೋದು ಹೆಚ್ಚುಕಡಿಮೆ ಇದೇ ಎನ್‌ಫೀಲ್ಡಿನ ಬೋಲ್ಟು, ತೋಟಾ ಮಾತ್ರ ಬೇರೆ.

ಇಲ್ಲಿ ಹೋಲಿಸುತ್ತಿರುವ ಮೂರು ಇವು. ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯ ಎನ್‌ಫೀಲ್ಡ್ ನಂಬರ್ 1 ಮಾರ್ಕ್ 3. ಜರ್ಮನಿಯ ಮೌಸರ್ ಕರಾಬೀನರ್ 98ಕೆ, ಇದು ಎರಡನೇ ಮಹಾಯುದ್ಧದಲ್ಲಿ ರಷ್ಯನ್ನರು ವಶಪಡಿಸಿಕೊಂಡಿದ್ದು. ರಷ್ಯಾದ ಇಝೆವ್ಸ್ಕ್‌ನಲ್ಲಿ ತಯಾರಾದ ಮೋಸಿನ್-ನಗಾಂ 91/30. ಮೊದಲನೆಯದು ನನ್ನದು, ಉಳಿದೆರಡು ಗೆಳೆಯರದ್ದು. ಒಂದೇ ರೇಂಜು, ನೂರು ಗಜ, ದುರ್ಬೀನು ಇಲ್ಲ, ಬರೀ ಕಬ್ಬಿಣದ ಸೈಟು.

ಎನ್‌ಫೀಲ್ಡ್‌ನಿಂದ ಶುರು ಮಾಡೋಣ. ಬೋಲ್ಟ್ ವಿನ್ಯಾಸ ಮಾಡಿದ ಜೇಮ್ಸ್ ಪ್ಯಾರಿಸ್ ಲೀ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ, ಬೆಳೆದಿದ್ದು ಕೆನಡಾದಲ್ಲಿ, ಕೆಲಸ ಮಾಡಿದ್ದು ಅಮೆರಿಕದಲ್ಲಿ. ಹೆಸರು ಮಾಡಿದ್ದು ಮಾತ್ರ ಬ್ರಿಟಿಷ್ ಸೈನ್ಯದಿಂದ. ಬೋಲ್ಟನ್ನು ಬೀಗ ಹಾಕುವ ಗೂಟಗಳು ಹಿಂದಿನ ತುದಿಯಲ್ಲಿವೆ. ಹಾಗಾಗಿ ಬೋಲ್ಟ್ ಹಿಂದಕ್ಕೆ ಬರಬೇಕಾದ ದೂರ ಕಡಿಮೆ. ಹಿಡಿಯನ್ನು ಮೇಲೆತ್ತಬೇಕಾದ್ದು ಸುಮಾರು 60 ಡಿಗ್ರಿ ಅಷ್ಟೇ, ಮೌಸರ್‌ನಲ್ಲಿ 90. ಇನ್ನೂ ಒಂದು ವಿಷಯ ಇದೆ, ಇದನ್ನು ಕೈಯಲ್ಲಿ ಹಿಡಿದು ನೋಡಿದವರಿಗೇ ಅರ್ಥವಾಗೋದು. ತೋಟಾದ ಬುಡಕ್ಕೆ ಬಡಿದು ಗುಂಡು ಹಾರಿಸುವ ಪಿನ್ನಿನ ಸ್ಪ್ರಿಂಗ್ ಬಿಗಿಯಾಗೋದು ಬೋಲ್ಟ್ ಎತ್ತುವಾಗ ಅಲ್ಲ, ಮುಂದಕ್ಕೆ ತಳ್ಳುವಾಗ. ಗುಂಡು ಹಾರಿದ ಮೇಲೆ ಬಿಸಿಯಾಗಿ ಹಿಡಿದುಕೊಂಡ ಖಾಲಿ ತೋಟಾವನ್ನು ಬಿಡಿಸೋಕೆ ಮೊದಲೇ ಬಲ ಬೇಕು, ಅದರ ಜೊತೆ ಸ್ಪ್ರಿಂಗಿನ ಭಾರವೂ ಸೇರಿದರೆ ಬೆರಳಿಗೆ ಕಷ್ಟ. ತಳ್ಳುವಾಗ ಹಾಗಲ್ಲ, ಇಡೀ ತೋಳಿನ ಬಲ ಹಿಂದೆ ಇರುತ್ತದೆ.

ಇದರಿಂದ ಏನಾಗುತ್ತೆ ಅಂದರೆ, ಬಟ್ಟಿಗೆ (ಭುಜಕ್ಕೆ ಆನಿಸುವ ಮರದ ಹಿಂಭಾಗ) ಒತ್ತಿದ ಕೆನ್ನೆ ಎತ್ತದೆ, ಗುರಿಯಿಂದ ಕಣ್ಣು ತೆಗೆಯದೆ, ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಬೋಲ್ಟಿನ ಗುಂಡಿ ಹಿಡಿದು ಎಳೆದು ತಳ್ಳಿ ನಡುಬೆರಳಲ್ಲೇ ಟ್ರಿಗರ್ ಒತ್ತಬಹುದು. ನಿಯಮ ಪುಸ್ತಕದ ಪ್ರಕಾರ ಇದು ಸರಿಯೋ ತಪ್ಪೋ ಬಿಡಿ, ಕೆಲಸ ಮಾಡುತ್ತದೆ. 1914ಕ್ಕೆ ಮುಂಚೆ ಬ್ರಿಟಿಷ್ ಸಿಪಾಯಿ 300 ಗಜದ ಗುರಿಗೆ ಒಂದು ನಿಮಿಷದಲ್ಲಿ 15 ಗುಂಡು ಹೊಡೆಯಬೇಕಿತ್ತು. ಆ ವರ್ಷ ಬೆಲ್ಜಿಯಂನ ಮಾನ್ಸ್ ಕದನದಲ್ಲಿ ಜರ್ಮನ್ನರು ಇದನ್ನು ಮೆಷಿನ್ ಗನ್ ಅಂದುಕೊಂಡರು ಅನ್ನೋ ಕಥೆ ಎಲ್ಲ ಕಡೆ ಓಡಾಡುತ್ತೆ. ಕಥೆ ಎಷ್ಟು ನಿಜವೋ ಏನೋ, ಆದರೆ ಆ ವೇಗ ಸುಳ್ಳಲ್ಲ. ನನ್ನಂಥ ವಾರಾಂತ್ಯದ ಗಿರಾಕಿಗೂ ಅದರ ಹತ್ತಿರ ಹೋಗೋಕಾಗುತ್ತೆ.

ಮ್ಯಾಗಜೀನ್‌ನಲ್ಲಿ 10 ತೋಟಾ. ಉಳಿದೆರಡರಲ್ಲಿ 5. ಇದೇ ದೊಡ್ಡ ವ್ಯತ್ಯಾಸ ಅಂತ ಪುಸ್ತಕ ಓದಿದವರು ಹೇಳುತ್ತಾರೆ. ನಿಜ, ಆದರೆ ಅದರ ಜೊತೆ ಬರುವ ತಲೆನೋವನ್ನೂ ಹೇಳಬೇಕು. .303 ತೋಟಾದ ಬುಡದಲ್ಲಿ ಅಂಚು ಇದೆ. ಬಿಡಿ ತೋಟಾ ತುಂಬುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿನ ಮುಂದೆ ಕೂರಬೇಕು. ಹಿಂದೆ ಕೂತರೆ ಬೋಲ್ಟ್ ತಳ್ಳಿದಾಗ ಎರಡೂ ಕೊಕ್ಕೆ ಹಾಕಿಕೊಂಡು ನಿಂತುಬಿಡುತ್ತವೆ, ಆಮೇಲೆ ಮ್ಯಾಗಜೀನ್ ಬಿಚ್ಚಿ ಬೆರಳು ಹಾಕಬೇಕು. ಐದು ತೋಟಾದ ಕ್ಲಿಪ್ಪಲ್ಲಿ ಸರಿಯಾಗಿ ಜೋಡಿಸಿ ಹೆಬ್ಬೆರಳಲ್ಲಿ ಒತ್ತಿದರೆ ಈ ರಗಳೆ ಇಲ್ಲ.

ಇನ್ನೊಂದು ಸಣ್ಣ ವಿಷಯ, ನನಗೆ ಬಹಳ ಇಷ್ಟವಾಗಿದ್ದು. ಎನ್‌ಫೀಲ್ಡಿನ ಮರ ಎರಡು ತುಂಡು. ಬಟ್ ಬೇರೆ, ಮುಂಭಾಗ ಬೇರೆ. ಹಾಗಾಗಿ ಬಟ್ಟನ್ನು ಬೇರೆ ಬೇರೆ ಉದ್ದದಲ್ಲಿ ಮಾಡುತ್ತಿದ್ದರು, ಮೇಲೆ ಅಕ್ಷರ ಒತ್ತಿರುತ್ತದೆ: ಗಿಡ್ಡದಕ್ಕೆ ಎಸ್, ಉದ್ದದ್ದಕ್ಕೆ ಎಲ್, ಎಸ್‌ಗಿಂತ ಗಿಡ್ಡ ಬೇಕೆಂದರೆ ಬಿ. ನನ್ನದು ಎಸ್. ಐದೂವರೆ ಅಡಿಯ ಆಳಿಗೆ ಹೇಳಿ ಮಾಡಿಸಿದ ಹಾಗಿದೆ. ಇಶಾಪುರದವರು ಮರ ಬಿರಿಯದಿರಲಿ ಅಂತ ಅಡ್ಡಲಾಗಿ ಒಂದು ಸ್ಕ್ರೂ ಹಾಕಿದ್ದಾರೆ. ನೋಡೋಕೆ ಚಂದ ಇಲ್ಲ, ಆದರೆ ಅದೇ ಅದರ ಗುರುತು.

ಇಲ್ಲಿ ನಮ್ಮವರ ಕಥೆಯೂ ಇದೆ. 1857ರ ನಂತರ ಬ್ರಿಟಿಷರು ಭಾರತೀಯ ಪಡೆಗಳಿಗೆ ಹೊಸ ಆಯುಧವನ್ನು ಸುಲಭಕ್ಕೆ ಕೊಡುತ್ತಿರಲಿಲ್ಲ, ಒಂದು ಮೆಟ್ಟಿಲು ಹಿಂದೆಯೇ ಇಡುತ್ತಿದ್ದರು. 1914ರಲ್ಲಿ ನಮ್ಮ ಸಿಪಾಯಿಗಳು ಫ್ರಾನ್ಸಿನ ಮಾರ್ಸೇಲಿನಲ್ಲಿ ಹಡಗು ಇಳಿದ ಮೇಲೆ ಅವರ ಕೈಯಲ್ಲಿದ್ದ ಹಳೇ ರೈಫಲ್ ವಾಪಸ್ ತಗೊಂಡು ಮಾರ್ಕ್ 3 ಕೊಟ್ಟರು. ಹೊಸ ರೈಫಲ್ ಕೈಗೆ ಒಗ್ಗೋಕೂ ಪುರುಸೊತ್ತು ಕೊಡದೆ ಕಂದಕಕ್ಕೆ ಕಳಿಸಿದರು. ಅದೇ ರೈಫಲ್ ಮುಂದೆ ಭಾರತದಲ್ಲಿ ಪೊಲೀಸರ ಹೆಗಲ ಮೇಲೆ ಈ ಶತಮಾನದವರೆಗೂ ಇತ್ತು. ಉತ್ತರ ಪ್ರದೇಶ ಪೊಲೀಸರು ಅದಕ್ಕೆ ಬೀಳ್ಕೊಡುಗೆ ಕೊಟ್ಟಿದ್ದು 2020ರಲ್ಲಿ. 1962ರ ಯುದ್ಧದ ನಂತರ ಇಶಾಪುರದಲ್ಲಿ ಇದೇ ವಿನ್ಯಾಸವನ್ನು 7.62 ನ್ಯಾಟೋ ತೋಟಾಕ್ಕೆ ಹೊಂದಿಸಿ 2ಎ ಅಂತ ಮಾಡಿದರು, ಅದೂ ಇಲ್ಲಿ ಅಮೆರಿಕದಲ್ಲಿ ಆಗಾಗ ಮಾರಾಟಕ್ಕೆ ಬರುತ್ತೆ.

ಈಗ ಮೌಸರ್. 1898ರಲ್ಲಿ ಜರ್ಮನ್ ಸೈನ್ಯ ಒಪ್ಪಿಕೊಂಡ ವಿನ್ಯಾಸ, ನಾನು ಹೊಡೆದ 98ಕೆ ಅದರ ಗಿಡ್ಡ ರೂಪ, 1935ರದು. ಬೋಲ್ಟ್ ಬಿಚ್ಚಿ ಕೈಯಲ್ಲಿ ಹಿಡಿದರೆ ಪೌಲ್ ಮೌಸರ್ ಎಷ್ಟು ಯೋಚಿಸಿದ್ದ ಅಂತ ಕಾಣುತ್ತೆ. ಮುಂದೆ ಎರಡು ಗೂಟ, ಅವು ಕೈಕೊಟ್ಟರೆ ಇರಲಿ ಅಂತ ಹಿಂದೆ ಮೂರನೆಯದು. ತೋಟಾದ ಬುಡ ಒಡೆದರೆ ಬಿಸಿ ಗಾಳಿ ಮುಖಕ್ಕೆ ಬರದೆ ಪಕ್ಕಕ್ಕೆ ಹೋಗಲು ರಂಧ್ರಗಳು. ತೋಟಾ ಮ್ಯಾಗಜೀನ್‌ನಿಂದ ಮೇಲೆ ಬರುತ್ತಿದ್ದಂತೆಯೇ ಹಿಡಿದುಕೊಳ್ಳುವ ಉದ್ದನೆಯ ಉಗುರು, ರೈಫಲ್ ತಲೆಕೆಳಗಾಗಿ ಹಿಡಿದರೂ ಬಿಡುವುದಿಲ್ಲ. ಬಟ್ಟಿನ ಮರದಲ್ಲಿ ಒಂದು ಲೋಹದ ಬಿಲ್ಲೆ ಕೂರಿಸಿದ್ದಾರೆ, ಅದರ ನಡುವಿನ ತೂತಿಗೆ ಪಿನ್ನಿನ ತುದಿ ಒತ್ತಿ ಬೋಲ್ಟನ್ನು ಪೂರ್ತಿ ಬಿಚ್ಚಬಹುದು, ಒಂದು ಸ್ಪ್ಯಾನರ್ ಕೂಡ ಬೇಡ. ಎನ್‌ಫೀಲ್ಡಿನ ಪಿನ್ ತೆಗೆಯೋಕೆ ಅದಕ್ಕೇ ಮಾಡಿದ ಟೂಲ್ ಹುಡುಕಿಕೊಂಡು ಹೋಗಬೇಕು. ಅಮೆರಿಕದವರು 1903ರ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಇದನ್ನು ಎಷ್ಟು ನಕಲು ಮಾಡಿದರು ಅಂದರೆ ಮೌಸರ್ ಕಂಪನಿಗೆ ರಾಯಧನ ಕಟ್ಟಬೇಕಾಯಿತು. ಇವತ್ತಿನ ಬೇಟೆ ರೈಫಲ್‌ಗಳಲ್ಲೂ ಬಹುಪಾಲು ಇದರ ಮಕ್ಕಳು ಮೊಮ್ಮಕ್ಕಳೇ.

ಇಷ್ಟೆಲ್ಲ ಇದ್ದೂ ಹೊಡೆಯುವಾಗ ಎನ್‌ಫೀಲ್ಡಿನ ಸುಖ ಇಲ್ಲ. ಇದರಲ್ಲಿ ಸ್ಪ್ರಿಂಗ್ ಬಿಗಿಯಾಗೋದು ಹಿಡಿ ಎತ್ತುವಾಗ. ಬೋಲ್ಟ್ ಹಿಂದಕ್ಕೆ ಬರುವುದೂ ಜಾಸ್ತಿ, ಕೆನ್ನೆ ಎತ್ತದಿದ್ದರೆ ಮೂಗಿನ ಹತ್ತಿರವೇ ಬರುತ್ತೆ. ಪ್ರತಿ ಸಲ ತಲೆ ಎತ್ತಿ ಮತ್ತೆ ಗುರಿ ಹುಡುಕಬೇಕು. ಸೈಟ್ ಅಂತೂ ನನಗೆ ಹಿಡಿಸಲೇ ಇಲ್ಲ. ಮುಂದೆ ತ್ರಿಕೋನದ ಮೊನೆ, ಹಿಂದೆ ಸಣ್ಣ ವಿ ಆಕಾರದ ಸೀಳು. ಬಿಸಿಲಲ್ಲಿ ಮೊನೆಯ ತುದಿ ಎಲ್ಲಿ ಮುಗಿಯಿತು ಅಂತಲೇ ತಿಳಿಯುವುದಿಲ್ಲ, ಗುಂಡುಗಳು ಮೇಲೆ ಕೆಳಗೆ ಚದುರುತ್ತವೆ. ಎನ್‌ಸಿಸಿಯಲ್ಲಿ ಫೋರ್‌ಸೈಟ್ ಟಿಪ್, ಫೋರ್‌ಸೈಟ್ ಟಿಪ್ ಅಂತ ಉಸ್ತಾದರು ಕಿರುಚುತ್ತಿದ್ದರಲ್ಲ, ಈ ರೈಫಲ್ ಕೊಟ್ಟಿದ್ದರೆ ಅವರಿಗೂ ಕಾಣುತ್ತಿರಲಿಲ್ಲ. ಹಾಗಂತ ಒರಗಿಸಿಟ್ಟು ನಿಧಾನವಾಗಿ ಹೊಡೆದಾಗ ಗುಂಡಿನ ತೂತುಗಳು ಮೂರರಲ್ಲಿ ಅತಿ ಹತ್ತಿರ ಹತ್ತಿರ ಬಿದ್ದದ್ದು ಇದರಿಂದಲೇ. ಅವಸರ ಇಲ್ಲದವನಿಗೆ ಮೌಸರ್.

ಮೋಸಿನ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ರಷ್ಯಾದ ಅಧಿಕಾರಿ ಸೆರ್ಗೇಯ್ ಮೋಸಿನ್, ಬೆಲ್ಜಿಯಂನ ಲಿಯೋನ್ ನಗಾಂ, ಇಬ್ಬರ ವಿನ್ಯಾಸದ ಅಂಶಗಳನ್ನು ಸೇರಿಸಿ 1891ರಲ್ಲಿ ಒಪ್ಪಿಕೊಂಡಿದ್ದು. ಅದರ ತೋಟಾ ಇವತ್ತಿಗೂ ರಷ್ಯಾದ ಮೆಷಿನ್ ಗನ್‌ಗಳಲ್ಲಿ ಓಡುತ್ತಿದೆ, ಅದೇ ಒಂದು ದಾಖಲೆ. ಇದರ ತೋಟಾಕ್ಕೂ ಅಂಚಿದೆ, ಆದರೆ ಮೇಲಿನ ತೋಟಾವನ್ನು ಬೇರ್ಪಡಿಸಿ ಹಿಡಿಯುವ ಒಂದು ಪಟ್ಟಿ ಒಳಗೆ ಇಟ್ಟು ಆ ಕೊಕ್ಕೆಯ ಸಮಸ್ಯೆಯನ್ನೇ ತಪ್ಪಿಸಿದ್ದಾರೆ. ಜಾಣತನ ಅಂದರೆ ಇದು. ಉಳಿದದ್ದು ಒರಟು. ಬೋಲ್ಟಿನ ಹಿಡಿ ಮೋಟು, ಬಿಸಿಯಾದ ಮೇಲೆ ಅಂಗೈಯಲ್ಲಿ ಗುದ್ದಿ ಎತ್ತಬೇಕು. ಸೇಫ್ಟಿ ಹಾಕಬೇಕೆಂದರೆ ಹಿಂದಿನ ಗುಂಡಿಯನ್ನು ಸ್ಪ್ರಿಂಗಿಗೆ ವಿರುದ್ಧ ಎಳೆದು ತಿರುಗಿಸಬೇಕು, ನನ್ನ ಬೆರಳಲ್ಲಂತೂ ಆಗಲಿಲ್ಲ. ಟ್ರಿಗರ್‌ನಲ್ಲಿ ಉಳಿದೆರಡರ ಹಾಗೆ ಫಸ್ಟ್ ಪುಲ್, ಸೆಕೆಂಡ್ ಪುಲ್ ಅನ್ನೋ ಎರಡು ಹಂತ ಇಲ್ಲ, ಕೆಸರಲ್ಲಿ ಕಾಲು ಎಳೆದಂತೆ ಸುಮ್ನೆ ಜಾರುತ್ತಾ ಹೋಗಿ ಯಾವಾಗಲೋ ಹಾರುತ್ತೆ. ಉದ್ದ 1232 ಮಿಲಿಮೀಟರ್, ಕಾರಿನಲ್ಲಿ ಇಡೋಕೂ ಓರೆ ಮಾಡಬೇಕು. ಸೋವಿಯತ್ ಸೈನ್ಯ ಬಯೋನೆಟ್ ಸಿಕ್ಕಿಸಿಯೇ ಸೈಟ್ ಹೊಂದಿಸುತ್ತಿತ್ತು, ತೆಗೆದು ಹೊಡೆದರೆ ಗುಂಡು ಪಕ್ಕಕ್ಕೆ ಹೋಗುತ್ತೆ. ಆದರೂ ಫಿನ್ಲೆಂಡಿನ ಸಿಮೋ ಹಾಯ್ಹಾ 1939-40ರ ಚಳಿಗಾಲದ ಯುದ್ಧದಲ್ಲಿ ದುರ್ಬೀನು ಇಲ್ಲದೆ ಹೆಸರು ಮಾಡಿದ್ದು ಇದರದೇ ಫಿನ್ನಿಶ್ ರೂಪದಿಂದ, ಅದು ಬೇರೆ ಮಾತು.

ಭುಜದ ಒದೆತದಲ್ಲಿ ಮೂರಕ್ಕೂ ಅಂಥ ವ್ಯತ್ಯಾಸ ಇಲ್ಲ. ಎಲ್ಲದಕ್ಕೂ ಲೋಹದ ಬಟ್ ಪ್ಲೇಟು, ಟೀ ಶರ್ಟ್ ಹಾಕಿಕೊಂಡು ಹೋದರೆ ಮೂರೂ ಗುರುತು ಬಿಡುತ್ತವೆ.

ಕೊಳ್ಳುವ ಯೋಚನೆ ಇರುವವರಿಗೆ: ಹದಿನೈದು ವರ್ಷದ ಹಿಂದೆ ಮೋಸಿನ್ ನೂರು ಡಾಲರ್ ಆಸುಪಾಸಿಗೆ ಸಿಗುತ್ತಿತ್ತು, ಆಗ ಅದನ್ನು ಹೊಗಳೋಕೆ ಒಂದು ಕಾರಣ ಇತ್ತು. ಈಗ ಆ ಬೆಲೆ ಇಲ್ಲ, ಆ ಕಾರಣವೂ ಇಲ್ಲ. ಹಳೇ ಮಿಲಿಟರಿ ತೋಟಾ ಹೊಡೆದರೆ ನಳಿಗೆಯಲ್ಲಿ ಉಪ್ಪು ಕೂರುತ್ತದೆ, ತೇವ ಹೀರಿ ತುಕ್ಕು ಹಿಡಿಸುತ್ತೆ. ಬರೀ ಎಣ್ಣೆ ಸಾಲದು, ಮೊದಲು ಬಿಸಿನೀರು ಹುಯ್ದು ತೊಳೆದು ಒರೆಸಿ ಆಮೇಲೆ ಎಣ್ಣೆ. ಎನ್‌ಫೀಲ್ಡ್ ಆದರೆ ಬೋಲ್ಟಿನ ನಂಬರ್ ಬಾಡಿಯ ನಂಬರ್‌ಗೆ ಹೊಂದುತ್ತದೆಯೇ ನೋಡಿ, ಗನ್‌ಸ್ಮಿತ್ ಹತ್ತಿರ ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿನ ಮುಖಕ್ಕೂ ತೋಟಾ ಆನಿಕೊಳ್ಳುವ ಜಾಗಕ್ಕೂ ನಡುವಿನ ಅಂತರ) ಅಳೆಸದೆ ಹೊಡೆಯಬೇಡಿ. ಡಿ.ಪಿ. ಅಂತ ಒತ್ತಿದ್ದು ಕಂಡರೆ ಅಗ್ಗ ಅಂತ ಆಸೆ ಪಡಬೇಡಿ, ಅದು ಗೋಡೆಗೆ ಮಾತ್ರ. ನಲವತ್ತು ದಾಟಿ ಹತ್ತಿರದ್ದು ಮಸುಕಾಗುತ್ತಿದ್ದರೆ ಮಾರ್ಕ್ 3 ಬಿಟ್ಟು ಎರಡನೇ ಯುದ್ಧದ ಎನ್‌ಫೀಲ್ಡ್ ನಂಬರ್ 4 ಹುಡುಕಿ. ಅದರ ಹಿಂದಿನ ಸೈಟ್ ಕಣ್ಣಿನ ಹತ್ತಿರ ಇರುವ ದುಂಡು ತೂತು, ಮಸುಕಾದರೂ ನಡೆಯುತ್ತೆ. ಬೋಲ್ಟಿನ ವಿನ್ಯಾಸ ಅದೇ, ವೇಗವೂ ಅದೇ.