ಫರ್ಬಿಡನ್ ಸಿಟಿಯೋ, ಟೆಂಪಲ್ ಆಫ್ ಹೆವನ್ನೋ: ನನ್ನ ಓಟು ಎರಡನೆಯದಕ್ಕೇ

ಬೀಜಿಂಗ್‌ಗೆ ಹೋಗಿಬಂದವರನ್ನು ಏನೇನು ನೋಡಬೇಕು ಅಂತ ಕೇಳಿದರೆ ಮೊದಲು ಮಹಾಗೋಡೆ ಅಂತಾರೆ, ಆಮೇಲೆ ಫರ್ಬಿಡನ್ ಸಿಟಿ, ಅಂದರೆ ಚಕ್ರವರ್ತಿಗಳ ಹಳೆಯ ಅರಮನೆ. ಆ ಚಕ್ರವರ್ತಿಗಳು ಪೂಜೆ ಮಾಡುತ್ತಿದ್ದ ಟೆಂಪಲ್ ಆಫ್ ಹೆವನ್ ಮಾತು ಬಂದರೆ "ಹಾಂ, ಟೈಮಿದ್ದರೆ ಹೋಗಿ" ಅಂತ ಮುಗಿಸಿಬಿಡುತ್ತಾರೆ. ನಾನು ಹೇಳೋದು ಉಲ್ಟಾ. ಗಂಡ ಹೆಂಡತಿ ಇಬ್ಬರೇ ಊರೊಳಗೆ ಸುತ್ತೋಕೆ ಒಂದೇ ದಿನ ಇದ್ದರೆ ಬೆಳಗ್ಗೆ ಟೆಂಪಲ್‌ಗೆ ಹೋಗಿ, ಟೈಮಿದ್ದರೆ ಅರಮನೆ ನೋಡಿ. ಗೋಡೆಯನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಅದು ಊರಾಚೆ, ಅದಕ್ಕೇ ಬೇರೆ ದಿನ ಎತ್ತಿಡಬೇಕು.

ನಾವು ಇವೆರಡನ್ನೂ ಏಪ್ರಿಲ್‌ನ ಒಂದೇ ದಿನ ನೋಡಿದ್ದು. ನಮ್ಮ ಯಜಮಾನರಿಗೆ ಅರಮನೆಯದೇ ಧ್ಯಾನ. ಹೊರಡುವ ತಿಂಗಳ ಮುಂಚಿನಿಂದ ಯಾವ ಚಕ್ರವರ್ತಿ ಯಾವ ಹಾಲ್‌ನಲ್ಲಿ ಮಲಗುತ್ತಿದ್ದ ಅಂತೆಲ್ಲ ಓದಿಕೊಂಡು ಕೂತಿದ್ದರು. ನನಗೆ ಬೆಳಗ್ಗೆ ಲಾಲ್‌ಬಾಗ್‌ನಲ್ಲಿ ಒಂದು ಸುತ್ತು ಹಾಕದಿದ್ದರೆ ದಿನವೇ ಶುರುವಾಗಲ್ಲ. ಈ ಹೋಲಿಕೆಯನ್ನು ಓದುವಾಗ ಇದು ನೆನಪಿರಲಿ.

ವಯಸ್ಸಿನಲ್ಲಿ ಎರಡೂ ಸಮ. ಮಿಂಗ್ ವಂಶದ ಯೋಂಗ್ಲೆ ಚಕ್ರವರ್ತಿ ರಾಜಧಾನಿಯನ್ನು ನಾನ್‌ಜಿಂಗ್‌ನಿಂದ ಬೀಜಿಂಗ್‌ಗೆ ತಂದಾಗ ಕಟ್ಟಿಸಿದ್ದು, ಎರಡೂ ಮುಗಿದದ್ದು 1420ರಲ್ಲಿ. ಒಂದು ಅವನ ಮನೆ, ಇನ್ನೊಂದು ಅವನ ಪೂಜೆಯ ಜಾಗ. ಅರಮನೆ 72 ಹೆಕ್ಟೇರ್, ಟೆಂಪಲ್‌ನ ಮೂಲ ಆವರಣ ಸುಮಾರು 273 ಹೆಕ್ಟೇರ್. ಸ್ವರ್ಗದ ಮಗ ಅನ್ನಿಸಿಕೊಂಡವನು ಅಪ್ಪನ ಮನೆಗಿಂತ ದೊಡ್ಡ ಮನೆ ಕಟ್ಟಿಕೊಳ್ಳಬಾರದಂತೆ! ಈ ಒಂದು ಕಾರಣಕ್ಕೇ ಟೆಂಪಲ್‌ನಲ್ಲಿ ಉಸಿರಾಡೋಕೆ ಜಾಗ ಇದೆ.

ಮೆಟ್ರೋ ಐದನೇ ಲೈನಿನಲ್ಲಿ ಟಿಯಾನ್‌ತಾನ್ ದೋಂಗ್‌ಮೆನ್ ಸ್ಟೇಷನ್‌ನಲ್ಲಿ ಇಳಿದರೆ ಎದುರಿಗೇ ಪೂರ್ವದ ಗೇಟು. ಕೌಂಟರ್‌ನಲ್ಲಿ ಪಾಸ್‌ಪೋರ್ಟ್ ತೋರಿಸಿ, ನೋಟು ಕೊಟ್ಟು, ಟಿಕೆಟ್ ತಗೊಂಡು ಒಳಗೆ ಹೋದೆವು. ಗುಡಿಗಳ ಬಾಗಿಲು ತೆಗೆಯೋದು 8ಕ್ಕೆ, ಆದರೆ ಪಾರ್ಕು 6ಕ್ಕೇ ತೆರೆದಿರುತ್ತೆ. ಆ ಎರಡು ಗಂಟೆಯಲ್ಲೇ ಇಲ್ಲಿನ ನಿಜವಾದ ಮಜಾ ಇರೋದು. 72 ಅಂಕಣದ ಉದ್ದನೆಯ ಪಡಸಾಲೆ ಒಂದಿದೆ. ಹಿಂದೆ ಪೂಜೆಯ ನೈವೇದ್ಯವನ್ನು ಅಡುಗೆಮನೆಯಿಂದ ಈ ದಾರಿಯಲ್ಲೇ ಸಾಗಿಸುತ್ತಿದ್ದರಂತೆ. ಈಗ ಅದರ ಕಟ್ಟೆಯ ತುಂಬ ನಿವೃತ್ತರು. ಒಂದು ಕಡೆ ಇಸ್ಪೀಟು, ಇನ್ನೊಂದು ಕಡೆ ಸ್ವೆಟರ್ ಹೆಣಿಗೆ, ಆಚೆ ಮರದ ಕೆಳಗೆ ಗರಿ ಸಿಕ್ಕಿಸಿದ ಚೆಂಡನ್ನು ಕಾಲಲ್ಲೇ ಒದೆಯುತ್ತ ನೆಲಕ್ಕೆ ಬೀಳದಂತೆ ಆಡುವ ಎಪ್ಪತ್ತು ದಾಟಿದ ಅಜ್ಜಿಯರು. ಒಬ್ಬ ಅಜ್ಜ ಪೊರಕೆ ಎತ್ತರದ ಕುಂಚವನ್ನು ನೀರಿನ ಬಕೆಟ್‌ಗೆ ಅದ್ದಿ ಕಲ್ಲು ಚಪ್ಪಡಿ ಮೇಲೆ ಅಕ್ಷರ ಬರೆಯುತ್ತಿದ್ದ. ಸಾಲಿನ ಕೊನೆಯ ಅಕ್ಷರ ಬರುವಷ್ಟರಲ್ಲಿ ಮೊದಲಿನದು ಒಣಗಿ ಮಾಯ. ಅವನು ತಲೆಯೂ ಎತ್ತದೆ ಮುಂದಿನ ಚಪ್ಪಡಿಗೆ ಹೋದ. ನಮ್ಮವರು ಅದನ್ನು ವಿಡಿಯೋ ಮಾಡುತ್ತ ಅರಮನೆಯನ್ನು ಸ್ವಲ್ಪ ಹೊತ್ತು ಮರೆತರು.

ಸುಗ್ಗಿಗಾಗಿ ಪ್ರಾರ್ಥಿಸುತ್ತಿದ್ದ ದುಂಡನೆಯ ಗುಡಿ 38 ಮೀಟರ್ ಎತ್ತರ. ಮೂರು ಸುತ್ತು ನೀಲಿ ಹೆಂಚು, ಒಂದೂ ಮೊಳೆ ಇಲ್ಲದ ಮರದ ಕಟ್ಟಡ. ಒಳಗೆ 28 ಕಂಬ: ನಡುವಿನ ನಾಲ್ಕು ಋತುಗಳಿಗೆ, ಆಮೇಲಿನ ಹನ್ನೆರಡು ತಿಂಗಳುಗಳಿಗೆ, ಹೊರಗಿನ ಹನ್ನೆರಡು ದಿನದ ಎರಡೆರಡು ಗಂಟೆಯ ಜಾವಗಳಿಗೆ. ಈಗ ಕಾಣೋದು 1889ರಲ್ಲಿ ಸಿಡಿಲಿಗೆ ಸುಟ್ಟುಹೋದ ಮೇಲೆ ಮತ್ತೆ ಕಟ್ಟಿದ್ದು. ದಕ್ಷಿಣದ ತುದಿಗೆ ವೃತ್ತಾಕಾರದ ಬಲಿಪೀಠ. ಅದರ ಮೇಲಿನ ಜಗುಲಿಯಲ್ಲಿ ನಡುಗಲ್ಲಿನ ಸುತ್ತ 9 ಚಪ್ಪಡಿ, ಆಮೇಲೆ 18, 27, ಹೀಗೆ ಒಂಬತ್ತನೇ ಸುತ್ತಿಗೆ 81. ನಾನು ಎಣಿಸಲಿಲ್ಲ, ಇವರು ಎಣಿಸಿದರು. ಪಿಸುಗುಟ್ಟಿದರೆ ಆಚೆ ತುದಿಗೆ ಕೇಳಿಸುತ್ತೆ ಅನ್ನುವ ಗೋಡೆಯ ಹತ್ತಿರ ಎಲ್ಲರೂ ಕಿರುಚುತ್ತಿರುತ್ತಾರೆ, ಅಲ್ಲಿ ನಿಲ್ಲಬೇಡಿ.

ಇನ್ನು ಅರಮನೆಯ ಟಿಕೆಟ್ ಕಥೆ. ಸಾವಧಾನವಾಗಿ ಓದಿ, ನಿಮ್ಮ ದಿನ ಉಳಿಯಬಹುದು.

ಫರ್ಬಿಡನ್ ಸಿಟಿಗೆ ಗೇಟಿನ ಹತ್ತಿರ ಹೋಗಿ ಟಿಕೆಟ್ ತಗೊಳ್ಳೋಣ ಅಂದುಕೊಂಡರೆ ಕೆಟ್ಟಿರಿ. ದಿನಕ್ಕೆ ಇಂತಿಷ್ಟೇ ಜನ ಅಂತ ಮಿತಿ ಇದೆ. ಟಿಕೆಟ್ ಬಿಡೋದು ಏಳು ದಿನ ಮುಂಚೆ, ಅಲ್ಲಿಯ ರಾತ್ರಿ 8ಕ್ಕೆ, ಅಂದರೆ ನಮ್ಮ ಸಂಜೆ 5.30ಕ್ಕೆ. ಅಲ್ಲಿಯವರು ವಿಚಾಟ್ ಅನ್ನುವ ಚೀನಾದ ಆ್ಯಪ್‌ನಲ್ಲೇ ಬುಕ್ ಮಾಡಿ ಮುಗಿಸುತ್ತಾರೆ. ನಮ್ಮ ಸರ್ಕಾರ ವಿಚಾಟನ್ನು 2020ರಲ್ಲೇ ನಿಷೇಧಿಸಿದೆ, ಅದೇ ವರ್ಷ ದುಡ್ಡು ಕಟ್ಟುವ ಆ್ಯಪ್ ಅಲಿಪೇಯನ್ನೂ. ಹಾಗಾಗಿ ಬೆಂಗಳೂರಿನಲ್ಲಿ ಕೂತು ಬುಕ್ ಮಾಡೋಕೆ ನಾವು ಒಬ್ಬ ಏಜೆಂಟನ್ನು ಹಿಡಿದೆವು. ಅವನು ಟಿಕೆಟ್ ದರದ ಮೇಲೆ ಹೆಚ್ಚುಕಮ್ಮಿ ಅಷ್ಟೇ ಕಮಿಷನ್ ತಗೊಂಡ. ಹೋಗಲಿ, ಕೆಲಸ ಆಯಿತಲ್ಲ ಅಂದುಕೊಂಡೆವು.

ಅಲ್ಲಿ ಟಿಕೆಟ್ ಅಂದರೆ ಕಾಗದವಲ್ಲ, ಪಾಸ್‌ಪೋರ್ಟೇ ಟಿಕೆಟ್. ತಿಯಾನನ್‌ಮೆನ್ ಕಡೆಯಿಂದ ಚೆಕಿಂಗ್ ಸಾಲು ದಾಟಿ, ಬ್ಯಾಗ್ ಸ್ಕ್ಯಾನ್ ಮಾಡಿಸಿ, ವೂಮೆನ್ ಅನ್ನುವ ದಕ್ಷಿಣದ ಹೆಬ್ಬಾಗಿಲಿಗೆ ಬಂದಾಗ ಹತ್ತೂಕಾಲು. ನನ್ನ ಪಾಸ್‌ಪೋರ್ಟ್ ಇಟ್ಟ ತಕ್ಷಣ ಹಸಿರು ದೀಪ. ಇವರದ್ದಿಟ್ಟರೆ ಕೆಂಪು. ಇನ್ನೊಮ್ಮೆ ಇಟ್ಟರೂ ಕೆಂಪು. ಹಿಂದೆ ಟೋಪಿ ಹಾಕಿದ ದೊಡ್ಡ ಗುಂಪು, ಅವರ ಗೈಡ್ ಬಾವುಟ ಆಡಿಸುತ್ತ ನಮ್ಮನ್ನು ಪಕ್ಕಕ್ಕೆ ಸರಿಸಿಯೇಬಿಟ್ಟಳು.

ಸಹಾಯದ ಕಿಟಕಿಯಲ್ಲಿದ್ದ ಹುಡುಗಿ ಪಾಪ ಒಳ್ಳೆಯವಳು. ಫೋನಿನ ಅನುವಾದದಲ್ಲಿ "ಈ ಸಂಖ್ಯೆಗೆ ಬುಕಿಂಗ್ ಇಲ್ಲ" ಅಂತ ತೋರಿಸಿದಳು. ಏಜೆಂಟ್ ಕಳಿಸಿದ್ದ ಸ್ಕ್ರೀನ್‌ಶಾಟ್ ಹಿಗ್ಗಿಸಿ ನೋಡಿದರೆ, ನಮ್ಮ ಪಾಸ್‌ಪೋರ್ಟ್ ನಂಬರಿನಲ್ಲಿ ಒಂದು ಅಕ್ಷರ, ಆಮೇಲೆ ಏಳು ಅಂಕಿ ಇರುತ್ತಲ್ಲ, ಆ ಅಂಕಿಗಳ ನಡುವಿನ ಸೊನ್ನೆಯ ಜಾಗದಲ್ಲಿ ಪುಣ್ಯಾತ್ಮ ಇಂಗ್ಲಿಷಿನ ಓ ಒತ್ತಿದ್ದ! ಕಣ್ಣಿಗೆ ಎರಡೂ ಒಂದೇ, ಗೇಟಿನ ಮಷೀನಿಗೆ ಅಲ್ಲ. ಅವನಿಗೆ ಫೋನ್ ಮಾಡಿದರೆ ಬೆಂಗಳೂರಿನಲ್ಲಿ ಆಗ ಇನ್ನೂ ಎಂಟು ಗಂಟೆ, ಎತ್ತಲಿಲ್ಲ. ಎತ್ತಿದಾಗ ಮೊದಲು ಹೇಳಿದ್ದು "ಸರ್, ಮೇಡಂ ಒಬ್ಬರೇ ಹೋಗಿಬರಲಿ ಬಿಡಿ" ಅಂತ. ಇವರ ಮುಖ ನೀವು ನೋಡಬೇಕಿತ್ತು.

ಕೊನೆಗೆ ಅವನು ತಪ್ಪು ಟಿಕೆಟ್ ರದ್ದು ಮಾಡಿ, ಬೇರೆ ಯಾರೋ ಬಿಟ್ಟುಕೊಟ್ಟಿದ್ದ ಮಧ್ಯಾಹ್ನದ ಟಿಕೆಟ್ ಹಿಡಿದ. ಬೆಳಗಿನ ಟಿಕೆಟ್ ಇದ್ದವರು 12ರೊಳಗೆ ಹೋಗಬೇಕು, ಮಧ್ಯಾಹ್ನದವರಿಗೆ 11ರಿಂದ ಪ್ರವೇಶ. ಆ ಒಂದು ಗಂಟೆಯ ಸಂದಿಯಲ್ಲಿ ನಾವಿಬ್ಬರೂ ಒಟ್ಟಿಗೆ ಒಳಗೆ ಹೋಗೋಕಾಯಿತು. ಹಾಗಾಗಿ ಬುಕ್ ಆದ ದಿನವೇ ಪಾಸ್‌ಪೋರ್ಟ್ ನಂಬರನ್ನು ಒಂದೊಂದೇ ಅಂಕಿ ಬೆರಳಿಟ್ಟು ತಾಳೆ ನೋಡಿ. ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡವರು ಹಳೆಯ ನಂಬರ್ ಹೋಗಿಲ್ಲ ತಾನೇ ಅಂತಲೂ ನೋಡಿ.

ಒಳಗೆ ಹೇಗಿತ್ತು? ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ತೈಹೆದಿಯಾನ್ ಅನ್ನುವ ದರ್ಬಾರ್ ಹಾಲ್ ಎದುರಿನ ಅಂಗಳಕ್ಕೆ ಕಾಲಿಟ್ಟಾಗ ನನಗೂ ಒಂದು ಕ್ಷಣ ಮಾತು ನಿಂತಿತು. ಆದರೆ ಹಾಲ್ ಒಳಗೆ ಬಿಡಲ್ಲ. ಬಾಗಿಲ ಮುಂದಿನ ಕಟಕಟೆಗೆ ಒರಗಿ, ಮೇಲೆತ್ತಿದ ನೂರು ಫೋನುಗಳ ಸಂದಿಯಲ್ಲಿ ಕತ್ತಲೆಯಲ್ಲಿರುವ ಸಿಂಹಾಸನವನ್ನು ಇಣುಕಬೇಕು. ಟೆಂಪಲ್‌ನ ಗುಡಿಯೊಳಗೂ ಬಿಡಲ್ಲ ನಿಜ, ಆದರೆ ಅಲ್ಲಿ ಬೆಳಗ್ಗೆ ಎಂಟಕ್ಕೆ ನಮ್ಮ ಮುಂದೆ ನಾಲ್ಕೇ ಜನ. ಅರಮನೆಯ ಮುಂಭಾಗದ ಅಂಗಳಗಳಲ್ಲಿ ಒಂದು ಮರವಿಲ್ಲ, ನೆತ್ತಿ ಮೇಲೆ ಬಿಸಿಲು. ಟೆಂಪಲ್‌ನಲ್ಲಿ ಹಳೆಯ ಮರಗಳೇ 3,500ಕ್ಕೂ ಹೆಚ್ಚು. ಅರಮನೆಯೊಳಗೆ ಹೋದ ಮೇಲೆ ಬಂದ ದಾರಿಯಲ್ಲಿ ವಾಪಸ್ ಬರೋಕಾಗಲ್ಲ. ಉತ್ತರಕ್ಕೋ ಪೂರ್ವಕ್ಕೋ ಹೊರಬೀಳಬೇಕು.

ನನಗೆ ಅಲ್ಲಿ ಇಷ್ಟವಾದದ್ದು ಸಿಂಹಾಸನವಲ್ಲ, ಬೆಂಕಿ ಆರಿಸೋಕೆ ನೀರು ತುಂಬಿಡುತ್ತಿದ್ದ ದೊಡ್ಡ ಲೋಹದ ಹಂಡೆಗಳು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟದಿರಲಿ ಅಂತ ಅಡಿಯಲ್ಲಿ ಕೆಂಡ ಇಡುತ್ತಿದ್ದರಂತೆ. ಕೆಲವಕ್ಕೆ ಚಿನ್ನದ ಲೇಪ ಇತ್ತು, ಈಗ ಮೈತುಂಬ ಗೀರು. 1900ರಲ್ಲಿ, ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯನ್ನು ಹತ್ತಿಕ್ಕಲು ಬಂದ ಎಂಟು ದೇಶಗಳ ಸೈನಿಕರು ಕೆರೆದುಕೊಂಡು ಹೋದರು ಅನ್ನುತ್ತಾರೆ. ಆ ಪಡೆಯಲ್ಲಿ ಬ್ರಿಟಿಷರ ಕೈಕೆಳಗಿನ ಭಾರತದ ಸಿಪಾಯಿಗಳೂ ಇದ್ದರು, ಅವರ ಬಿಡಾರ ಇದ್ದದ್ದು ನಾವು ಬೆಳಗ್ಗೆ ಸುತ್ತಿದ ಟೆಂಪಲ್ ಆವರಣದಲ್ಲೇ. ಇದನ್ನು ಇವರು ಹೇಳಿದ ಮೇಲೆ ಆ ಗೀರುಗಳನ್ನು ಇನ್ನೊಮ್ಮೆ ಬಗ್ಗಿ ನೋಡಿದೆ.

ಊಟದಲ್ಲಿ ಎರಡಕ್ಕೂ ಸೊನ್ನೆ. ನಾವು ಸಸ್ಯಾಹಾರಿಗಳು, ಚಪಾತಿ ಮತ್ತು ಚಟ್ನಿಪುಡಿ ಬ್ಯಾಗಿನಲ್ಲೇ ಇತ್ತು.

ಖರ್ಚು: ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅರಮನೆಗೆ 60 ಯುವಾನ್, ಟೆಂಪಲ್‌ನ ಎಲ್ಲ ಗುಡಿಗಳೂ ಸೇರಿದ ಟಿಕೆಟ್ 34. ಯುವಾನ್‌ಗೆ ಹನ್ನೆರಡು ರೂಪಾಯಿ ಚಿಲ್ಲರೆ ಹಿಡಿದು, ಏಜೆಂಟ್ ಕಮಿಷನ್ನೂ ಸೇರಿಸಿದರೆ ಅರಮನೆಗೆ ನಾವು ಇಬ್ಬರೂ ಕೊಟ್ಟ ದುಡ್ಡಿನಲ್ಲಿ ಟೆಂಪಲ್‌ಗೆ ಮೂರು ಸಲ ಹೋಗಿಬರಬಹುದು. ಅರಮನೆಗೆ ಸೋಮವಾರ ರಜೆ.

ಇವರ ವಾದವನ್ನೂ ಹೇಳಿಬಿಡುತ್ತೇನೆ. 24 ಚಕ್ರವರ್ತಿಗಳು ಬಾಳಿದ ಮನೆ, ಅಷ್ಟು ದೂರ ಹೋಗಿ ಅದನ್ನು ಬಿಟ್ಟು ಪಾರ್ಕಿನಲ್ಲಿ ಅಜ್ಜಂದಿರನ್ನು ನೋಡಿ ಬರೋದಾ ಅಂತ. ಇತಿಹಾಸ ಓದಿಕೊಂಡು ಹೋಗುವವರು, ಏಳು ದಿನ ಮುಂಚೆಯೇ ಸರಿಯಾದ ಟಿಕೆಟ್ ಕೈಯಲ್ಲಿರುವವರು, ಬಿಸಿಲಿಗೆ ಜಗ್ಗದವರು ಇವರ ಮಾತು ಕೇಳಬಹುದು. ನನ್ನ ಹಾಗೆ ಬೇಗ ಏಳುವ, ನಿಧಾನಕ್ಕೆ ನಡೆಯುವ, ನೂಕುನುಗ್ಗಲು ಕಂಡರೆ ತಲೆನೋವು ಬರುವವರಿಗೆ ಟೆಂಪಲ್ಲೇ ಸರಿ. ಟಿಕೆಟ್ ಸಿಗಲಿಲ್ಲ ಅಂತ ಅರಮನೆಗಾಗಿ ಏಜೆಂಟರ ಹಿಂದೆ ಓಡಲೂಬೇಡಿ. ಅದರ ಉತ್ತರದ ಬಾಗಿಲ ಎದುರಿಗೇ ಜಿಂಗ್‌ಶಾನ್ ಗುಡ್ಡ ಇದೆ, ಅರಮನೆಯ ಕಂದಕ ಅಗೆದ ಮಣ್ಣಿನಿಂದಲೇ ಆಗಿದ್ದು. ಮಿಂಗ್ ವಂಶದ ಕೊನೆಯ ಚಕ್ರವರ್ತಿ 1644ರಲ್ಲಿ ನೇಣು ಹಾಕಿಕೊಂಡದ್ದು ಅಲ್ಲೇ. ಪ್ರವೇಶ 2 ಯುವಾನ್. ತುದಿಯ ಮಂಟಪಕ್ಕೆ ಹತ್ತಿದರೆ ಹಳದಿ ಹೆಂಚಿನ ಇಡೀ ಅರಮನೆ ಕಾಲಡಿಗೆ ಕಾಣುತ್ತೆ, ಫೋಟೋಗೂ ಒಳಗಿಗಿಂತ ಅದೇ ವಾಸಿ. ಮೆಟ್ಟಿಲು ಕಡಿದು, ಮಂಡಿ ನೋವಿರುವವರು ಪೂರ್ವದ ದಾರಿಯಲ್ಲೋ ಪಶ್ಚಿಮದ ದಾರಿಯಲ್ಲೋ ನಿಂತು ನಿಂತು ಹತ್ತಿ.