ಎಂಟು ಇಂಚಿನ ಕನ್ನಡಿಯಲ್ಲಿ ಗ್ಲೀಸೆ 486

ಎಂಟು ಇಂಚಿನ ಕನ್ನಡಿಯ ಡಾಬ್ಸೋನಿಯನ್, ಎಂದರೆ ಸರಳ ಪೀಠದ ಮೇಲೆ ಕೂತು ಕೈಯಿಂದಲೇ ತಿರುಗಿಸುವ ದೂರದರ್ಶಕ, ನಮ್ಮ ಮನೆಗೆ ಬಂದು ವರ್ಷ ತುಂಬಿತು. ಶನಿಯ ಬಳೆ, ಗುರುವಿನ ಚಂದ್ರರು ಹೇಗೆ ಕಾಣುತ್ತವೆ ಎಂದು ಕೇಳುವವರಿಗೆ ಒಂದೇ ಮಾತು: ಕಣ್ಣು ತುಂಬುವಷ್ಟು. ಆದರೆ ನಾನು ಹಣ ಕೂಡಿಟ್ಟದ್ದು ಕನ್ಯಾ ರಾಶಿಯ ಒಂದು ಮಂಕು ಕೆಂಪು ಕುಬ್ಜ ನಕ್ಷತ್ರಕ್ಕಾಗಿ.

ಗ್ಲೀಸೆ 486 ನಮ್ಮಿಂದ 26 ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಗ್ರಹ ಪತ್ತೆಯಾದ ಸುದ್ದಿಯನ್ನು 2021ರಲ್ಲಿ ಓದಿದ ದಿನದಿಂದ ಅದು ನನ್ನನ್ನು ಬಿಟ್ಟಿಲ್ಲ. ಭೂಮಿಯ 1.3 ಪಟ್ಟು ಅಗಲದ, ಸುಮಾರು ಮೂರು ಪಟ್ಟು ತೂಕದ ಬಂಡೆಗೋಳ. ಒಂದೂವರೆ ದಿನಕ್ಕೆ ಒಂದು ಸುತ್ತು. ಬಾಸ್ಕ್ ಭಾಷೆಯಲ್ಲಿ ಅದಕ್ಕೆ ‘ಸು’ ಎಂದು ಹೆಸರಿಟ್ಟಿದ್ದಾರೆ, ಬೆಂಕಿ ಎಂದರ್ಥ. 2023ರಲ್ಲಿ ವೆಬ್ ಬಾಹ್ಯಾಕಾಶ ದೂರದರ್ಶಕ ಅಲ್ಲಿ ನೀರಾವಿಯ ಸುಳಿವು ಕಂಡಿತು. ಅದು ಗ್ರಹದ್ದೋ ನಕ್ಷತ್ರದ ಕಲೆಗಳದ್ದೋ ಎಂದು ಹೇಳಲಾಗಲಿಲ್ಲ. ಮರುವರ್ಷ ಹಗಲಿನ ಮೈಯ ಶಾಖವನ್ನು ಅಳೆದಾಗ ಸುಮಾರು 590 ಡಿಗ್ರಿ ಸೆಲ್ಸಿಯಸ್ ಬಂತು. ದಟ್ಟ ವಾಯುಮಂಡಲವಿಲ್ಲದ ಬೋಳು ಬಂಡೆ ಕಾಯುವ ಕಾವು ಅದು. ನನಗೆ ಆ ದಿನ ನಿಜವಾಗಿಯೂ ಬೇಸರವಾಯಿತು.

ಇನ್ನು ದೂರದರ್ಶಕದ ಮಾತು. ಕೊಳವೆ, ಪೀಠ ಎರಡೂ ಸೇರಿ ಇಪ್ಪತ್ತು ಕಿಲೋಗೂ ಹೆಚ್ಚು. ತಾರಸಿಗೆ ಎರಡು ಸಲ ಹತ್ತಬೇಕು. ಪೆಟ್ಟಿಗೆ ಬಂದಾಗ ಕನ್ನಡಿ ಜರುಗಿತ್ತು, ಸರಿಪಡಿಸಲು ಒಂದು ಭಾನುವಾರ ಹಿಡಿಯಿತು. ಇವೆಲ್ಲ ಸಹಿಸಬಹುದಾದ ತೊಂದರೆಗಳು. ದೊಡ್ಡ ತೊಡಕು ಬೇರೆ. ತಿಪಟೂರಿನಲ್ಲಿ ಈ ನಕ್ಷತ್ರ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ, ಡಾಬ್ಸೋನಿಯನ್ ಅತಿ ಹೆಚ್ಚು ಹಟ ಮಾಡುವುದೂ ಅಲ್ಲಿಯೇ. ಕೊಳವೆ ನೆಟ್ಟಗೆ ನಿಂತಾಗ ಕೂದಲೆಳೆಯಷ್ಟು ಸರಿಸಲು ಪೀಠವನ್ನು ಅರ್ಧ ಸುತ್ತು ತಿರುಗಿಸಬೇಕು. ಜೊತೆಗೆ ಬಂದ ಕೆಂಪು ಚುಕ್ಕೆಯ ಗುರಿಕಾರಕದಲ್ಲಿ (ಕೊಳವೆ ಎತ್ತ ನೋಡುತ್ತಿದೆ ಎಂದು ಕೆಂಪು ಚುಕ್ಕೆಯಿಂದ ತೋರಿಸುವ ಸಾಧನ) ಇಣುಕಲು ನೆಲಕ್ಕೆ ಮಂಡಿಯೂರಿ ಕತ್ತು ಹಿಂದಕ್ಕೆ ಬಗ್ಗಿಸಬೇಕು. ಮೂರು ರಾತ್ರಿ ಸೋತೆ.

ಗೆದ್ದದ್ದು ಮೋಟಾರಿಲ್ಲದ ಪೀಠದಿಂದಲೇ. ಏಪ್ರಿಲ್ ನಡುವೆ, ನಕ್ಷತ್ರ ಇನ್ನೂ ಪೂರ್ವದಲ್ಲಿ ವಾಲಿರುವ ರಾತ್ರಿ ಒಂಬತ್ತೂವರೆಗೆ, ಬರಿಗಣ್ಣಿಗೆ ಕಾಣುವ ರೋ ವರ್ಜಿನಿಸ್ ತಾರೆಯನ್ನು 25 ಮಿಲಿಮೀಟರ್ ನೇತ್ರಮಸೂರದ ನೋಟದಲ್ಲಿ ಉತ್ತರದ ಅಂಚಿಗೆ ತಂದೆ. ಕೈ ತೆಗೆದೆ. ಗ್ಲೀಸೆ 486 ಅದಕ್ಕಿಂತ ಅರ್ಧ ಡಿಗ್ರಿ ದಕ್ಷಿಣಕ್ಕೆ, ಸರಿಯಾಗಿ ಆರು ನಿಮಿಷ ಹಿಂದೆ ಬರುತ್ತದೆ. ಭೂಮಿ ತಿರುಗಿತು, ಆರನೆಯ ನಿಮಿಷಕ್ಕೆ 11.4 ಕಾಂತಿಮಾನದ (ಅಂಕಿ ಹೆಚ್ಚಿದಷ್ಟೂ ಮಂಕು) ಆ ಚುಕ್ಕೆ ನೋಟದ ನಡುವೆ ತಾನಾಗಿ ಬಂದು ನಿಂತಿತು. ನಕ್ಷೆಯೊಂದಿಗೆ ಮೂರು ಸಲ ಹೋಲಿಸಿದೆ. ನಾನು ಪಿಯುಸಿ ಓದುತ್ತಿದ್ದಾಗ ಹೊರಟ ಬೆಳಕು.

ಮರುವಾರ ಒಂಬತ್ತನೆಯ ತರಗತಿಯ ಐವರು ಮಕ್ಕಳು ಬಂದಿದ್ದರು. “ಗ್ರಹ ಎಲ್ಲಿದೆ, ಮಿಸ್?” ಎಂದು ಒಬ್ಬಳು ಕೇಳಿದಳು. ಯಾವ ಮನೆಯ ದೂರದರ್ಶಕದಲ್ಲೂ ಅದು ಕಾಣದು. ನಕ್ಷತ್ರದ ಮುಂದೆ ಹಾಯುವಾಗ ಅದು ಮರೆಮಾಡುವುದು ಸಾವಿರದಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಬೆಳಕನ್ನು ಮಾತ್ರ ಎಂದೆ. ಆಕೆ ಮತ್ತೆ ಕಣ್ಣಿಟ್ಟಳು, ಬಹಳ ಹೊತ್ತು ತೆಗೆಯಲಿಲ್ಲ.

ಕೊಳ್ಳುವವರು ಖಂಡಿತ ಕೊಳ್ಳಿ. ಆದರೆ ಕೆಂಪು ಚುಕ್ಕೆಯದರ ಬದಲು ಲಂಬಕೋನದ ಶೋಧಕವನ್ನು, ಎಂದರೆ ಕತ್ತು ಬಗ್ಗಿಸದೆ ಪಕ್ಕದಿಂದಲೇ ಇಣುಕಬಹುದಾದ ಪುಟ್ಟ ದೂರದರ್ಶಕವನ್ನು, ಮೊದಲ ದಿನವೇ ಹಾಕಿಸಿಕೊಳ್ಳಿ. ನಾನು ಅದನ್ನು ಈ ತಿಂಗಳು ತರಿಸುತ್ತಿದ್ದೇನೆ.